ಅಸಾಧಾರಣ ಸನ್ನಿವೇಶ

ಕ್ರಾಲಿಯ ಕಾರ್ಪೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿ
ನನ್ನ ಕೆಲಸ, ಇಲ್ಲ ಅನ್ನುವುದು.
ಬರಿಯ ಇಲ್ಲವಲ್ಲ, ವಿಷಾದ ಬೆರೆಸಿದ ಇಲ್ಲ,
ಕೊನೆಗೊಂದು ವಂದನೆ, ಕೆಳಗೆ ನನ್ನ ಹೆಸರಿನ ಮೊದಲಕ್ಷರ.
ಕಿಟಕಿಯಾಚೆ ಎರಡು ನಿಮಿಷಕ್ಕೊಂದು
ಗ್ಯಾಟ್ವಿಕ್‌ನಿಂದ ಎದ್ದು ಹೋಗುತ್ತಿರುತ್ತವೆ, ರದ್ದಾಗದವು.

ಮಾತೊಂದೇ ನನ್ನ ಹತ್ಯಾರು: ಅಸಾಧಾರಣ ಸನ್ನಿವೇಶ.
ಅದನ್ನು ಟೈಪು ಮಾಡುವುದೂ ಬೇಡ,
ಎಫ್ ಏಳು ಒತ್ತಿದರೆ ತಾನೇ ಬಂದು ಕೂರುತ್ತದೆ.
ಬಿರುಗಾಳಿ, ಜ್ವಾಲಾಮುಖಿಯ ಬೂದಿ,
ಯಾರೋ ಮರೆತ ಬ್ಯಾಗು, ಯಾವುದೋ ಆಕಾಶದಲ್ಲಿ ಕ್ಷಿಪಣಿಯ ಭಯ,
ಎಲ್ಲಕ್ಕೂ ಒಂದೇ ಎಫ್ ಏಳು.
ದಿನಕ್ಕೆ ಎಂಬತ್ತು ಸಲ ಬಂದರೆ
ಅದಿನ್ನೆಂಥ ಅಸಾಧಾರಣ ಅಂತ
ಮೊದಲ ವಾರ ಕೇಳಿದ್ದೆ. ಮೇಲಿನವಳು ನಕ್ಕು
ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿದ್ದಳು.

ಅಮ್ಮಾನಿಗೆ ಹೊರಟ ವಿಮಾನ ಅದು, ಮಂಗಳವಾರ ರಾತ್ರಿಯದು.
ಭದ್ರತೆಯ ಕಾರಣ ಅಂದರು, ಯಾವ ಭದ್ರತೆ ಅನ್ನಲಿಲ್ಲ.
ನೂರ ಅರವತ್ತೆರಡು ಮಂದಿ. ನೂರ ನಲವತ್ತು ಅರ್ಜಿ.
ಎಫ್ ಏಳು, ಎಫ್ ಏಳು, ಚಹಾ, ಎಫ್ ಏಳು.

ನೂರ ನಲವತ್ತೊಂದನೆಯದು ಕೈಬರಹ.
ನಿಡಾಲ್ ಹದ್ದಾದಿನ್, ಕ್ಷೌರಿಕ, ಹಾರ್ಷಮ್ ರಸ್ತೆ.
ಎಲ್ಲರೂ ಕೇಳಿದ ಐನೂರ ಇಪ್ಪತ್ತು ಪೌಂಡು ಈತ ಕೇಳಿರಲಿಲ್ಲ.
"ಬಾಂಬಿಗೆ ನೀವು ಹೊಣೆಯಲ್ಲ, ಗೊತ್ತು.
ನಾನು ಆ ಕಡೆಯವನೇ, ನಿಮಗಿಂತ ಚೆನ್ನಾಗಿ ಗೊತ್ತು.
ಆದರೆ ಕಾನೂನು ಓದಿದೆ. ಕಾಯುವವನಿಗೆ ಊಟ ಅಂತಿದೆ,
ಮಲಗಲು ಕೋಣೆ ಅಂತಿದೆ,
ಎರಡು ಫೋನ್ ಕರೆ ಅಂತಿದೆ.
ಕೌಂಟರಿನಲ್ಲಿ ಕೇಳಿದೆ. ಶಟರ್ ಎಳೆದರು."

ಪಿನ್ನು ಹೊಡೆದ ರಸೀತಿಗಳು:
ಟ್ಯೂನಾ ಸ್ಯಾಂಡ್‌ವಿಚ್ ಒಂದು. ಚಹಾ ನಾಲ್ಕು,
ನಾಲ್ಕನೆಯದರ ಹೊತ್ತು ಬೆಳಗಿನ ಜಾವ ನಾಲ್ಕೂ ಹತ್ತು.
ಕೋಣೆಗೆ ರಸೀತಿಯಿಲ್ಲ: "ನೆಲದ ಮೇಲೆ ಮಲಗಿದೆ, ನೆಲ ಪುಕ್ಕಟೆ."
ಕರೆ ಎರಡು, ಹದಿನೇಳು ಪೌಂಡು ಮೂವತ್ತು ಪೆನ್ಸು.
ಪಕ್ಕದಲ್ಲಿ ನೀಲಿ ಶಾಯಿಯ ಟಿಪ್ಪಣಿ:
"ಮೊದಲನೆಯದು ಅಣ್ಣನಿಗೆ. ಅಕ್ಕನನ್ನು ಮಣ್ಣು ಮಾಡಬೇಡಿ, ನಾಳೆವರೆಗೆ ತಡೆಯಿರಿ ಅಂತ.
ಎರಡನೆಯದೂ ಅಣ್ಣನಿಗೇ. ಕಾಯಬೇಡಿ ಅಂತ."

ನನ್ನ ಬೆರಳು ಎಫ್ ಏಳರ ಮೇಲೆ
ತಾನೇ ಹೋಗಿ ಕೂತಿತ್ತು ಅಷ್ಟರಲ್ಲಿ.
ಅಭ್ಯಾಸ. ಹೊಸ್ತಿಲು ಕಂಡರೆ ಕಾಲು ಎತ್ತುತ್ತದಲ್ಲ, ಹಾಗೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ, ಅನ್ನುತ್ತಿದ್ದರು ನಮ್ಮಲ್ಲಿ.
ಗಾದೆಯ ಪೂಜಾರಿ ಯಾರೋ ಬೇರೆಯವನು ಅಂತಲೇ
ಮೂವತ್ತೊಂಬತ್ತು ವರ್ಷ ಅಂದುಕೊಂಡಿದ್ದೆ.

ನಿಯಮದ ಪುಸ್ತಕ ತೆಗೆದೆ. ಬೆನ್ನು ಇನ್ನೂ ಬಿರಿದಿರಲಿಲ್ಲ.
ಅಸಾಧಾರಣವಾದರೆ ಪರಿಹಾರವಿಲ್ಲ, ನಿಜ.
ಆರೈಕೆ ಮಾತ್ರ ಉಂಟು. ಯುದ್ಧವಾದರೂ ಉಂಟು, ಬೂದಿಯಾದರೂ ಉಂಟು.
ಹೊಟ್ಟೆಗೆ ಮಾಮೂಲಿ ದಿನ, ಅಸಾಧಾರಣ ದಿನ ಅಂತ ಎರಡಿಲ್ಲವಲ್ಲ.
ಇದು ಆ ನೂರ ನಲವತ್ತು ಜನಕ್ಕೂ ಇತ್ತು.
ನಾನು ಹೇಳಿರಲಿಲ್ಲ. ಅವರು ಕೇಳಿರಲಿಲ್ಲ.
ಕೇಳದ್ದನ್ನು ಹೇಳುವುದು
ನನ್ನ ಕೆಲಸದ ಪಟ್ಟಿಯಲ್ಲಿಲ್ಲ.

ಸ್ಯಾಂಡ್‌ವಿಚ್, ಮಂಜೂರು. ಚಹಾ, ಮಂಜೂರು.
ಕರೆ ಒಂದು, ಮಂಜೂರು.
ಕರೆ ಎರಡು...
ಕಾರಣದ ಕಾಲಂ ಖಾಲಿ ಬಿಟ್ಟರೆ ಪರದೆ ಕೆಂಪಾಗುತ್ತದೆ.
ಪ್ರಯಾಣ ಸಂಬಂಧಿ, ಅಂತ ಬರೆದೆ. ಪರದೆ ಒಪ್ಪಿತು.

ಒಟ್ಟು ಮೂವತ್ತೆರಡು ಪೌಂಡು ತೊಂಬತ್ತು ಪೆನ್ಸು.
ವಿಷಾದದ ಜಾಗ ಬಂದಾಗ ಸಿದ್ಧ ವಾಕ್ಯ ಅಳಿಸಿದೆ.
ಬೇರೆಯದು ಹೊಳೆಯಲಿಲ್ಲ, ಯಾವ ಭಾಷೆಯಲ್ಲೂ.
ಆ ಖಾಲಿ ಸಾಲಿನ ಕೆಳಗೆ
ಮೊದಲ ಸಲ ಪೂರ್ತಿ ಹೆಸರು ಬರೆದು ಕಳಿಸಿದೆ.

ಐದಾಗಿತ್ತು. ಕೋಟು ಹಾಕಿಕೊಂಡೆ.
ನೂರ ನಲವತ್ತರ ಕಡತ ಮುಚ್ಚಿಯೇ ಇತ್ತು.
ಕೆಳಗೆ ಅಂಗಡಿಯವರು ಕಾರ್ಪೆಟ್ ಸುರುಳಿ ಒಳಗೆಳೆಯುವ ಸದ್ದು.
ಕೋಟು ತೆಗೆದು
ಕುರ್ಚಿಯ ಬೆನ್ನಿಗೆ ಹಾಕಿದೆ.